ಗುಂಡಿಯ ಅಂಚಿನಲ್ಲಿ ನಿಲ್ಲುವವರು ಮತ್ತು ರೋಬಾಟ್

(ಬೇತಮಂಗಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಮನುಷ್ಯ ಮತ್ತು ರೋಬಾಟ್‌ಗಳ ಒಡನಾಟದಲ್ಲಿ ವಿನ್ಯಾಸ ಸಂಶೋಧನೆಯ ಪಾತ್ರವೇನು ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ಈ ವಿಷಯ ಎತ್ತಿದರೆ ಮುಖವಿರುವ ರೋಬಾಟ್‌ಗಳೇ ಮೊದಲು ನೆನಪಾಗುತ್ತವೆ. ಬೆಂಗಳೂರಿನಲ್ಲಿ ತಯಾರಾದ ‘ಮಿತ್ರ’ 2017ರಲ್ಲಿ ಹೈದರಾಬಾದಿನ ಜಾಗತಿಕ ಸಮಾವೇಶದ ವೇದಿಕೆಯಲ್ಲಿ ಪ್ರಧಾನಿಯವರನ್ನು ಸ್ವಾಗತಿಸಿತು. ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಬಂದವರ ಜ್ವರ ನೋಡಿತು. ಇಸ್ರೋ 2020ರ ಜನವರಿಯಲ್ಲಿ ‘ವ್ಯೋಮಮಿತ್ರ’ವನ್ನು ಜನರ ಮುಂದಿಟ್ಟಿತು. ಯಂತ್ರ ಮನುಷ್ಯನನ್ನು ಹೋಲುತ್ತ ಹೋದಂತೆ ಒಂದು ಹಂತದವರೆಗೆ ನಮಗೆ ಇಷ್ಟವಾಗುತ್ತದೆ, ಹೋಲಿಕೆ ಮಿತಿ ಮೀರಿದಾಗ ಮೈ ಜುಮ್ಮೆನ್ನುತ್ತದೆ ಎಂದು ಜಪಾನಿನ ಮಸಾಹಿರೊ ಮೋರಿ 1970ರಲ್ಲೇ ಬರೆದರು. ಇವೆಲ್ಲ ತಿಳಿಯಬೇಕಾದ ಸಂಗತಿಗಳೇ. ಆದರೆ ಬೇತಮಂಗಲದಲ್ಲಿ ನಿಂತು ಮಾತಾಡುವಾಗ ಮುಖವೇ ಇಲ್ಲದ ಒಂದು ರೋಬಾಟ್ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅದು ಮಲದ ಗುಂಡಿಗೆ, ಮ್ಯಾನ್‌ಹೋಲಿಗೆ ಮನುಷ್ಯನ ಬದಲು ಇಳಿಯುವ ಯಂತ್ರ.

ಇಲ್ಲೇ ಯಾಕೆ ಅಂದರೆ, ಈ ಊರಿಗೂ ಆ ಗುಂಡಿಗಳಿಗೂ ನೀರಿನ ಸಂಬಂಧ ಇದೆ. ಪಾಲಾರ್ ಹೊಳೆಯ ನಮ್ಮ ಕೆರೆಯ ನೀರು 20ನೇ ಶತಮಾನದ ಆರಂಭದಲ್ಲಿ ಕೊಳವೆಗಳಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ, ಅಂದರೆ ಕೆಜಿಎಫ್‌ಗೆ, ಹೋಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತೂ ಗಣಿಗಳಿಗೆ ಬಂತು. ದೇಶದಲ್ಲಿ ಆಗ ಅಪರೂಪವಾಗಿದ್ದ ಯಂತ್ರಗಳು ಆ ಊರಿಗೆ ಬಂದವು. ಆದರೆ ಕಾರ್ಮಿಕರ ಮನೆಸಾಲುಗಳಾದ ‘ಲೈನು’ಗಳಲ್ಲಿ ಒಣ ಶೌಚಾಲಯಗಳು 1990ರ ದಶಕದವರೆಗೂ ಉಳಿದವು. ಗುಡಿಸಿ, ಬಕೆಟ್ಟಿಗೆ ತುಂಬಿ, ಹೊತ್ತು ಹಾಕುವ ಕೆಲಸವನ್ನು ಒಂದೇ ಸಮುದಾಯದ ಗಂಡಸರು, ಹೆಂಗಸರು ತಲೆಮಾರುಗಟ್ಟಲೆ ಮಾಡಿದರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಅದಿರು ಎತ್ತಬಲ್ಲ ಆಡಳಿತಕ್ಕೆ ಕಕ್ಕಸಿಗೆ ನೀರು ಹರಿಸುವ ತಂತ್ರಜ್ಞಾನ ಗೊತ್ತಿರಲಿಲ್ಲ ಎಂದು ಯಾರೂ ಹೇಳಲಾರರು. ಆ ಕೆಲಸ ಮಾಡುವವರ ಕಷ್ಟ ಯಾರ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ.

ಅದನ್ನು ಲೆಕ್ಕಕ್ಕೆ ತಂದವರು ಕೆಜಿಎಫ್‌ನಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್. ಅವರ ಮನೆಯವರೇ ಈ ಕೆಲಸದಲ್ಲಿದ್ದರು. ಅವರು ಒಣ ಶೌಚಾಲಯಗಳ ಫೋಟೊ ತೆಗೆದರು, ಗಣಿ ಆಡಳಿತಕ್ಕೆ ಬರೆದರು, ದೆಹಲಿಗೆ ಬರೆದರು, ಪತ್ರಿಕೆಗಳಿಗೆ ಕೊಟ್ಟರು. ಕೊನೆಗೆ ಆ ಶೌಚಾಲಯಗಳು ಬದಲಾದವು. ಅಲ್ಲಿಂದ ಬೆಳೆದ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2014ರ ಮಾರ್ಚ್ 27ರಂದು ತೀರ್ಪು ಬಂತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ಅವರು ಕೆಲಸಕ್ಕೆ ತೊಡಗಿದ ಬಗೆಯನ್ನು ವಿನ್ಯಾಸದ ವಿದ್ಯಾರ್ಥಿಗಳು ಗಮನಿಸಬೇಕು. ಜಾಗಕ್ಕೆ ಹೋಗುವುದು, ಕಣ್ಣಾರೆ ಕಂಡದ್ದನ್ನು ದಾಖಲಿಸುವುದು, ಮಾಡುವವರ ಬಾಯಿಂದಲೇ ಕೇಳುವುದು, ‘ಇಂಥದ್ದು ನಮ್ಮಲ್ಲಿ ಇಲ್ಲ’ ಎನ್ನುವವರ ಮುಂದೆ ಅದನ್ನು ಇಡುವುದು. ನಾನು ತರಗತಿಯಲ್ಲಿ ಕ್ಷೇತ್ರ ಅಧ್ಯಯನ ಎಂದು ಕಲಿಸುವುದು ಇದನ್ನೇ.

ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯಿದೆ ಬಂತು, 2013ರಲ್ಲಿ ಇನ್ನೂ ಬಿಗಿಯಾದ ಕಾಯಿದೆ ಬಂತು. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಇಷ್ಟೆಲ್ಲ ಆದ ಮೇಲೂ ಜನ ಇಳಿಯುತ್ತಲೇ ಇದ್ದಾರೆ. 2011ರಲ್ಲಿ ಕೆಜಿಎಫ್‌ನಲ್ಲೇ ಗುಂಡಿಗೆ ಇಳಿದವರು ಸತ್ತರು. ಯಾಕೆ ಇಳಿಯುತ್ತಾರೆ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ ರೋಬಾಟ್ ಕಟ್ಟಲು ಕೂತರೆ ಹಣವೂ ಹೋಗುತ್ತದೆ, ಜೀವವೂ ಉಳಿಯುವುದಿಲ್ಲ.

ಇದೇ ಸೀಮೆಯ ಒಂದು ಬೀದಿಯಲ್ಲಿ ಕಕ್ಕಸಿನ ಪಿಟ್ ಖಾಲಿ ಮಾಡುವುದನ್ನು ನಾನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದ್ದೇನೆ. ಮಲ ಹೀರುವ ಸಕ್ಕಿಂಗ್ ಗಾಡಿ ಬೀದಿಯ ತುದಿಯಲ್ಲೇ ನಿಂತಿತು, ಒಳಗೆ ಬರಲು ಅಗಲ ಸಾಲದು. ಪೈಪಿಗೆ ಪೈಪು ಸೇರಿಸಿ ಎಳೆದು ತಂದರು. ಇಬ್ಬರು ಹಾರೆಯಿಂದ ಚಪ್ಪಡಿ ಎಬ್ಬಿಸಿದರು. ಮೇಲಿನ ತಿಳಿ ಬೇಗ ಹೋಯಿತು. ಆಮೇಲೆ ಉಳಿದದ್ದು ತಳದಲ್ಲಿ ವರ್ಷಗಟ್ಟಲೆ ಗಟ್ಟಿಕಟ್ಟಿದ ಕೆಸರು. ಪೈಪು ಅದನ್ನು ಎಳೆಯುವುದಿಲ್ಲ. ಬಕೆಟ್ಟಿನಲ್ಲಿ ನೀರು ಹೊಯ್ದು, ಬಿದಿರು ಗಳದಿಂದ ಕಲಕಿದರು. ಅವರಲ್ಲಿ ಹಿರಿಯರಾದವರು ಪೈಪಿನ ಮೇಲೆ ಅಂಗೈ ಇಟ್ಟುಕೊಂಡೇ ಇದ್ದರು. ಒಂದು ಹೊತ್ತಿನಲ್ಲಿ, “ಗಾಳಿ ಎಳೀತಾ ಇದೆ, ನಿಲ್ಸು” ಎಂದು ಕೂಗಿದರು. ಅದು ಹೇಗೆ ಗೊತ್ತಾಯಿತು ಎಂದು ನಾನು ಕೇಳಿದೆ. ನನ್ನ ಕೈ ಹಿಡಿದು ಪೈಪಿನ ಮೇಲಿಟ್ಟರು. “ಕೆಸರು ಹೋಗುವಾಗ ಭಾರವಾಗಿ ನಡುಗ್ತದೆ ಸಾರ್, ಗಾಳಿ ಹೋಗುವಾಗ ಹಗುರ.” ಗಾಡಿಯ ಮೇಲೆ ಒತ್ತಡ ತೋರಿಸುವ ಮುಳ್ಳು ಇತ್ತು. ಅದು ಬೀದಿಯ ಆ ತುದಿಯಲ್ಲಿತ್ತು, ಕೆಲಸ ಈ ತುದಿಯಲ್ಲಿ ನಡೆಯುತ್ತಿತ್ತು.

ಕೊನೆಗೆ ಮೂಲೆಯಲ್ಲಿ ಒಂದಿಷ್ಟು ಉಳಿಯಿತು. ಗಳ ಅಲ್ಲಿಗೆ ಬಾಗುವುದಿಲ್ಲ. ಮನೆಯ ಯಜಮಾನರು, “ದುಡ್ಡು ಕೊಡೋದು ಪೂರ್ತಿ ಖಾಲಿ ಮಾಡೋಕೆ” ಎಂದರು. ಕಿರಿಯ ಹುಡುಗ ಪ್ಯಾಂಟು ಮಡಚಲು ಬಗ್ಗಿದ. ಅಂದು ಹಿರಿಯರು ತಡೆದರು, ಅಷ್ಟಕ್ಕೇ ಮುಚ್ಚಿದರು, ಕೂಲಿಯಲ್ಲಿ ಮುರಿದುಕೊಂಡರು. ಇಳಿಯುವ ಗಳಿಗೆ ಬರುವುದು ಹೀಗೆ, ಕೊನೆಯ ಒಂದು ಅಡಿ ಕೆಸರಿಗಾಗಿ ಮತ್ತು ಮುರಿದುಕೊಳ್ಳುವ ಕೂಲಿಗಾಗಿ. ಅಂಥ ಗುಂಡಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಏರಿದಾಗ ಮೂಗಿನ ಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತು, ಇನ್ನು ಇಳಿಯಬಹುದು ಎಂದುಕೊಂಡ ಹೊತ್ತೇ ಅತ್ಯಂತ ಅಪಾಯದ ಹೊತ್ತು. ಒಳಗೆ ಕುಸಿದವನನ್ನು ಎತ್ತಲು ಎರಡನೆಯವನು ಹಾರುತ್ತಾನೆ, ಅವನೂ ಬರುವುದಿಲ್ಲ. 2015ರಲ್ಲಿ ಕೋಳಿಕ್ಕೋಡಿನಲ್ಲಿ ಇಬ್ಬರು ಕಾರ್ಮಿಕರೊಂದಿಗೆ, ಅವರನ್ನು ಉಳಿಸಲು ಇಳಿದ ಆಟೋ ಚಾಲಕರೂ ಸತ್ತರು.

ಆ ಸಾವುಗಳ ನಂತರ ಕೇರಳದ ಕೆಲವು ಎಳೆಯ ಎಂಜಿನಿಯರುಗಳು ಕಟ್ಟಿದ ಯಂತ್ರವೇ ‘ಬ್ಯಾಂಡಿಕೂಟ್’. ಜೆನ್‌ರೋಬೋಟಿಕ್ಸ್ ಕಂಪನಿಯ ಈ ಯಂತ್ರ 2018ರಲ್ಲಿ ತಿರುವನಂತಪುರದಲ್ಲಿ ಕೆಲಸಕ್ಕೆ ಇಳಿಯಿತು. ಅದಕ್ಕೆ ಎರಡು ಭಾಗ: ಮೇಲೆ ನಿಲ್ಲುವ ಚೌಕಟ್ಟು, ಒಳಗೆ ಇಳಿಯುವ ಘಟಕ. ಇಳಿದದ್ದು ಕಾಲು ಚಾಚಿ ಮ್ಯಾನ್‌ಹೋಲಿನ ಗೋಡೆಗೆ ಆನಿಸಿಕೊಳ್ಳುತ್ತದೆ, ತೋಳಿನಿಂದ ಕೆಸರು ಬಾಚಿ ಬಕೆಟ್ಟಿಗೆ ತುಂಬುತ್ತದೆ. ಕ್ಯಾಮೆರಾ ಇದೆ, ಅನಿಲ ಅಳೆಯುವ ಸಂವೇದಕಗಳಿವೆ. ಮೊದಲು ಒಳಗೆ ಇಳಿಯುತ್ತಿದ್ದವರನ್ನೇ ತರಬೇತಿ ಕೊಟ್ಟು ಚಾಲಕರನ್ನಾಗಿ ಮಾಡುವುದು ಅದರ ಯೋಜನೆಯ ಭಾಗವಾಗಿತ್ತು. ಹಾಗೆ ತೀರ್ಮಾನಿಸಿದ ಮೇಲೆ ಒತ್ತುಗುಂಡಿಗಳ ಗಾತ್ರ, ಪರದೆಯ ಮೇಲಿನ ಚಿತ್ರ, ಕಲಿಸುವ ಕ್ರಮ ಎಲ್ಲವನ್ನೂ ಆ ಕೈಗಳನ್ನು ನೋಡಿಯೇ ಮಾಡಬೇಕಾಗುತ್ತದೆ. ಚಾಲಕ ಯಾರು ಎಂಬುದು ನನ್ನ ಪ್ರಕಾರ ಮೊದಲನೆಯ ವಿನ್ಯಾಸ ಪ್ರಶ್ನೆ.

ಆದರೆ ಅದು ಮ್ಯಾನ್‌ಹೋಲಿನ ಯಂತ್ರ, ಒಳಚರಂಡಿ ಇರುವ ನಗರದ್ದು. ನಮ್ಮಂಥ ಊರುಗಳಲ್ಲಿ ಹೆಚ್ಚಾಗಿ ಇರುವುದು ಪಿಟ್ ಮತ್ತು ಸೆಪ್ಟಿಕ್ ಟ್ಯಾಂಕ್. ಅದಕ್ಕೆ ಹತ್ತಿರವಾದದ್ದು ಐಐಟಿ ಮದ್ರಾಸಿನಲ್ಲಿ ಪ್ರೊ. ಪ್ರಭು ರಾಜಗೋಪಾಲ್ ಅವರ ತಂಡ ರೂಪಿಸಿದ ‘ಹೋಮೋಸೆಪ್’. ಮಡಚಿದ ಕೊಡೆಯಂತೆ ಕಿರಿದಾದ ಬಾಯಿಯೊಳಗೆ ಇಳಿದು, ಒಳಗೆ ಹೋದ ಮೇಲೆ ಅದರ ಅಲಗುಗಳು ಬಿಚ್ಚಿಕೊಳ್ಳುತ್ತವೆ. ತಿರುಗಿ ತಳದ ಗಟ್ಟಿ ಕೆಸರನ್ನು ಕಲಕಿ ತೆಳ್ಳಗೆ ಮಾಡುತ್ತವೆ. ಆಮೇಲೆ ಪಂಪು ಎಳೆಯುತ್ತದೆ. ನಮ್ಮ ಬೀದಿಯಲ್ಲಿ ಬಿದಿರು ಗಳ ಮಾಡಲಾಗದೆ ಬಿಟ್ಟ ಕೆಲಸ ಇದೇ. ಕೆಜಿಎಫ್‌ನ ಲೈನುಗಳಿಂದ ಹೊರಟ ಸಫಾಯಿ ಕರ್ಮಚಾರಿ ಆಂದೋಲನ ಈ ಯಂತ್ರದ ಕೆಲಸದಲ್ಲಿ ಜೊತೆಗಿತ್ತು. 2022ರಲ್ಲಿ ತಮಿಳುನಾಡಿನಲ್ಲಿ ಯಂತ್ರಗಳನ್ನು ಹಂಚಿದಾಗ, ಗುಂಡಿಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ಮುಂದೆ ನಿಂತ ಸ್ವಸಹಾಯ ಗುಂಪುಗಳಿಗೆ ಕೊಟ್ಟರು. ಈ ಒಂದು ನಿರ್ಧಾರವನ್ನು ನಾನು ಅಲಗುಗಳ ಕೌಶಲಕ್ಕಿಂತ ಕಡಿಮೆ ಎಂದು ಎಣಿಸುವುದಿಲ್ಲ. ಯಂತ್ರದ ಒಡೆತನ ಗುತ್ತಿಗೆದಾರನ ಕೈಗೆ ಹೋದರೆ ಅದೇ ಯಂತ್ರ ಬೇರೆ ಯಂತ್ರವಾಗುತ್ತದೆ.

ಒಂದೇ ಯಂತ್ರ ಎರಡು ಜಾಗದಲ್ಲಿ ಎರಡಾಗುವುದಕ್ಕೆ ಒಳ್ಳೆಯ ಆಧಾರ ಇದೆ. ಅಮೆರಿಕದ ಬಿಲ್ಗೆ ಮುತ್ಲು ಮತ್ತು ಜೋಡಿ ಫೋರ್ಲಿಜ್ಜಿ 2008ರಲ್ಲಿ ಒಂದು ಆಸ್ಪತ್ರೆಯ ಅಧ್ಯಯನ ಪ್ರಕಟಿಸಿದರು. ಸಾಮಾನು ಸಾಗಿಸುವ ಒಂದೇ ಬಗೆಯ ರೋಬಾಟ್ ಆಸ್ಪತ್ರೆಯ ಬೇರೆ ಬೇರೆ ವಾರ್ಡುಗಳಲ್ಲಿ ಓಡಾಡುತ್ತಿತ್ತು. ಬಾಣಂತಿಯರ ವಾರ್ಡಿನ ಸಿಬ್ಬಂದಿ ಅದನ್ನು ಒಪ್ಪಿಕೊಂಡರು. ಕ್ಯಾನ್ಸರ್ ರೋಗಿಗಳಂಥವರ ವಾರ್ಡುಗಳಲ್ಲಿ ಅದನ್ನು ಬೈದರು, ಒದ್ದರು. ರೋಬಾಟಿನಲ್ಲಿ ವ್ಯತ್ಯಾಸ ಇರಲಿಲ್ಲ. ಅಲ್ಲಿನ ದಾದಿಯರ ಕೆಲಸದ ಒತ್ತಡ, ಓಣಿಯಲ್ಲಿ ತುಂಬಿದ ಸಾಮಾನು, ರೋಗಿಯ ಪಕ್ಕ ಇದ್ದಾಗ ಬಂದು ಕೂಗುವ ಯಂತ್ರದ ದನಿ, ಇವು ಬೇರೆ ಬೇರೆಯಾಗಿದ್ದವು. ಪ್ರಯೋಗಾಲಯದಲ್ಲಿ ಎಷ್ಟು ಸಲ ಓಡಿಸಿದ್ದರೂ ಇದು ತಿಳಿಯುತ್ತಿರಲಿಲ್ಲ. ವಾರ್ಡಿನಲ್ಲಿ ಹೋಗಿ ನಿಂತಿದ್ದಕ್ಕೆ ತಿಳಿಯಿತು. ವಿನ್ಯಾಸ ಸಂಶೋಧನೆ ಎಂದು ನಾನು ಕರೆಯುವ ಕೆಲಸದ ಬಹುಪಾಲು ಹೀಗೆ ನಿಲ್ಲುವುದೇ.

ಕಣ್ಣಿಗೆ ಕಾಣದ ಯಂತ್ರವನ್ನು ನಡೆಸುವುದು ಎಂದರೇನು ಎಂದು ಕೆಜಿಎಫ್‌ನ ಹಳೆಯ ಕಾರ್ಮಿಕರಿಗೆ ವಿವರಿಸಿ ಹೇಳಬೇಕಾಗಿಲ್ಲ. ಜನರನ್ನು ಗಣಿಯೊಳಗೆ ಒಯ್ಯುವ ಕೇಜ್ ಇಳಿಸುವ ವೈಂಡಿಂಗ್ ಎಂಜಿನ್ ಡ್ರೈವರಿಗೆ ಕೇಜ್ ಕಾಣುವುದಿಲ್ಲ. ಅದರೊಳಗಿರುವ ಜನರೂ ಕಾಣುವುದಿಲ್ಲ. ಅವರ ಮುಂದೆ ಆಳ ತೋರಿಸುವ ಮುಳ್ಳು, ಕಿವಿಗೆ ಗಂಟೆಯ ಸಂಕೇತ. ಇಷ್ಟರ ಮೇಲೆ ಒಂದು ಪಾಳಿಯ ಜನರ ಪ್ರಾಣ ನಿಂತಿರುತ್ತದೆ. ಇಳಿಸು, ಜನ ಹತ್ತುತ್ತಿದ್ದಾರೆ, ಮೇಲೆತ್ತು ಎಂಬುದಕ್ಕೆಲ್ಲ ಬೇರೆ ಬೇರೆ ಎಣಿಕೆಯ ಗಂಟೆಗಳಿವೆ. ಆದರೆ ಕೇಜ್ ಚಲಿಸುತ್ತಿರುವಾಗ ಒಂದೇ ಗಂಟೆ ಬಡಿದರೆ ನಿಲ್ಲಿಸು ಎಂದೇ ಅರ್ಥ. ಗಾಬರಿಯಾದವನು ಎಣಿಸಿ ಬಡಿಯಲಾರ. ಒಂದು ಸಲ ಎಳೆಯಬಲ್ಲ. ಅತಿ ಮುಖ್ಯವಾದ ಮಾತಿಗೆ ಅತಿ ಸುಲಭವಾದ ಸಂಕೇತ ಇಟ್ಟಿದ್ದಾರೆ. ಕಾಣದ ಯಂತ್ರವನ್ನು ನಡೆಸುವವರ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಪುಸ್ತಕಗಳಲ್ಲಿ ಓದಿಲ್ಲ. ಗುಂಡಿಯೊಳಗಿನ ರೋಬಾಟ್ ನಡೆಸುವವರೂ ಕಾಣದ್ದನ್ನೇ ನಡೆಸುತ್ತಾರೆ. ಕ್ಯಾಮೆರಾಕ್ಕೆ ಕೆಸರು ಮೆತ್ತಿಕೊಂಡರೆ ಪರದೆ ಕುರುಡು. ಕೋಲಾರದ ಏಪ್ರಿಲ್ ಬಿಸಿಲಿನಲ್ಲಿ ಚೆನ್ನಾದ ಪರದೆಯೂ ಕಾಣುವುದಿಲ್ಲ. ಆಗ ಪೈಪಿನ ಮೇಲೆ ಅಂಗೈ ಇಟ್ಟ ಹಿರಿಯರ ತಿಳುವಳಿಕೆ ಬೇಕಾಗುತ್ತದೆ: ತೋಳು ಗಟ್ಟಿ ಕೆಸರನ್ನು ಮುಟ್ಟಿದೆಯೋ ಗೋಡೆಯನ್ನೋ ಎಂಬುದು ಹಿಡಿಯ ನಡುಕದಲ್ಲೇ ಚಾಲಕನ ಕೈಗೆ ತಿಳಿಯುವಂತೆ ಮಾಡಬಹುದು. ಅಪಾಯದ ಅನಿಲ ಏರಿದಾಗ ಪರದೆಯ ಮೂಲೆಯಲ್ಲಿ ಅಂಕಿ ಕೆಂಪಾಗುವುದಕ್ಕಿಂತ, ಸುತ್ತ ನಿಂತ ಎಲ್ಲರಿಗೂ ಕೇಳುವ ಒಂದು ಗಂಟೆ ಮೇಲು.

ಮಾತಾಡುವ ಯಂತ್ರವಾದರೆ ಅದು ಯಾವ ಭಾಷೆಯಲ್ಲಿ ಮಾತಾಡಬೇಕು? ಕೆಜಿಎಫ್‌ನ ಲೈನುಗಳಲ್ಲಿ ತಮಿಳು, ಬೇತಮಂಗಲದ ಮನೆಗಳಲ್ಲಿ ತೆಲುಗು, ಶಾಲೆ ಮತ್ತು ಕಚೇರಿಯಲ್ಲಿ ಕನ್ನಡ, ಪಕ್ಕದ ಬೀದಿಯಲ್ಲಿ ಉರ್ದು. ಅಕ್ಷರಗಳ ಪಟ್ಟಿ ತುಂಬಿದ ಪರದೆ ಇಲ್ಲಿ ಯಾರಿಗೂ ಪೂರ್ತಿ ಸಲ್ಲುವುದಿಲ್ಲ. ಇದನ್ನು ಕಂಪನಿಯ ಕಚೇರಿಯಲ್ಲಿ ಕೂತು ತೀರ್ಮಾನಿಸಬಾರದು.

ಯಂತ್ರ ಬರುವ ಮೊದಲೇ ಕಾರ್ಮಿಕರು ಕೂತು ಮಾತಾಡುವ ಪದ್ಧತಿ ಹೊಸದಲ್ಲ. ನಾರ್ವೆಯ ಕ್ರಿಸ್ಟನ್ ನೈಗಾರ್ಡ್ 1970ರ ದಶಕದ ಆರಂಭದಲ್ಲಿ ಅಲ್ಲಿನ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಂದಿಗೆ ಸೇರಿ, ಕಾರ್ಖಾನೆಗೆ ಬರುವ ಕಂಪ್ಯೂಟರಿನ ಬಗ್ಗೆ ಕಾರ್ಮಿಕರೇ ಅಧ್ಯಯನ ಮಾಡುವಂತೆ ಮಾಡಿದರು. 1981ರಲ್ಲಿ ಶುರುವಾದ ‘ಯುಟೋಪಿಯಾ’ ಯೋಜನೆಯಲ್ಲಿ ಪತ್ರಿಕಾ ಮುದ್ರಣದ ಕಾರ್ಮಿಕರು ಇನ್ನೂ ಇಲ್ಲದ ಯಂತ್ರಗಳನ್ನು ರಟ್ಟಿನಲ್ಲಿ ಮಾಡಿ, ಅವುಗಳ ಮುಂದೆ ಕೆಲಸ ಮಾಡುವಂತೆ ನಟಿಸಿ ನೋಡಿದರು. ಎಲ್ಲಿ ಕೈ ಎಟಕುವುದಿಲ್ಲ, ಎಲ್ಲಿ ಹೊತ್ತು ಹಿಡಿಯುತ್ತದೆ ಎಂದು ರಟ್ಟು ಇರುವಾಗಲೇ ತಿಳಿಯಿತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಣ್ಣಿನ ನೋಟದಿಂದಲೇ ರೋಬಾಟ್ ತೋಳನ್ನು ನಡೆಸುವ ವ್ಯವಸ್ಥೆ ರೂಪಿಸಿದಾಗ, ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯಲ್ಲಿದ್ದ, ಮಾತು ಮತ್ತು ಚಲನೆಯ ತೀವ್ರ ತೊಂದರೆ ಇರುವ ಯುವಜನರ ಜೊತೆಯಲ್ಲೇ ಕೆಲಸ ಮಾಡಿದರು. ಅಂಥವರ ನೋಟ ಒಂದೇ ಕಡೆ ನಿಲ್ಲುವುದು ಕಷ್ಟ. ಆರೋಗ್ಯವಂತ ವಿದ್ಯಾರ್ಥಿಯನ್ನು ಕೂರಿಸಿ ಪರೀಕ್ಷಿಸಿದ್ದರೆ ಆ ಕಷ್ಟ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಈಗ ಜಾತಿಯ ಮಾತು. ಅದನ್ನು ಬಿಟ್ಟು ಈ ಯಂತ್ರದ ಬಗ್ಗೆ ಮಾತಾಡುವುದು ಸುಳ್ಳಾಗುತ್ತದೆ. ನಾನು ಹೇಳಿದ ಆ ಬೀದಿಯಲ್ಲಿ ಕೆಲಸ ಮುಗಿದ ಮೇಲೆ ಮನೆಯವರು ಕುಡಿಯಲು ನೀರು ಕೊಟ್ಟರು. ಲೋಟ ಕೊಡಲಿಲ್ಲ, ಎತ್ತರದಿಂದ ಬೊಗಸೆಗೆ ಹೊಯ್ದರು. ನನಗೆ ಮಾತ್ರ ಲೋಟದಲ್ಲಿ ಬಂತು. ನಾಳೆ ಆ ಹಿರಿಯರ ಕೈಯಲ್ಲಿ ರೋಬಾಟಿನ ಹಿಡಿ ಬಂದರೆ ಲೋಟವೂ ಬರುತ್ತದೆಯೇ? ಯಂತ್ರ ತಾನಾಗಿ ತರುವುದಿಲ್ಲ. ಸಂಬಳ ಚೆನ್ನಾಗಿ ಬಂದರೆ ಡಿಪ್ಲೊಮಾ ಓದಿದ ಬೇರೆಯವರು ಆ ಕೆಲಸಕ್ಕೆ ಬರುತ್ತಾರೆ, ಹಳಬರು ಬಕೆಟ್ ತೊಳೆಯಲು ಉಳಿಯುತ್ತಾರೆ. ಸಂಬಳ ಬಾರದಿದ್ದರೆ ಹಳಬರೇ ಉಳಿಯುತ್ತಾರೆ, ಅವಮಾನ ಯಂತ್ರಕ್ಕೂ ಅಂಟುತ್ತದೆ. ತರಬೇತಿಗೆ ಯಾವ ಪ್ರಮಾಣಪತ್ರ ಕೇಳುತ್ತಾರೆ, ಕೆಲಸದ ಬಟ್ಟೆ ಹೇಗಿರುತ್ತದೆ, ಕೈ ಮೈ ತೊಳೆಯುವ ನೀರು ಯಂತ್ರದ ಜೊತೆಗೇ ಬರುತ್ತದೋ ಇಲ್ಲವೋ, ಬಿಲ್ಲಿನ ಮೇಲೆ ಯಾರ ಹೆಸರಿರುತ್ತದೆ: ಇವೆಲ್ಲ ವಿನ್ಯಾಸದ ಪಟ್ಟಿಯಲ್ಲೇ ಇರಬೇಕು. ಕೇಂದ್ರ ಸರ್ಕಾರ 2023ರಲ್ಲಿ ತಂದ ‘ನಮಸ್ತೆ’ ಯೋಜನೆ ಯಾಂತ್ರೀಕರಣಕ್ಕೆ ನೆರವು ಕೊಡುತ್ತದೆ. ಆ ನೆರವು ಇಂಥ ವಿವರಗಳ ಮೇಲೂ ಖರ್ಚಾಗಲಿ ಎಂದು ನಾನು ಬಯಸುತ್ತೇನೆ.

ಮತ್ತೊಂದು, ಯಂತ್ರ ಕೆಟ್ಟ ದಿನ. ಎಲ್ಲ ಪ್ರದರ್ಶನಗಳಲ್ಲೂ ಯಂತ್ರ ಓಡುತ್ತದೆ. ಬಿಡಿಭಾಗಕ್ಕಾಗಿ ಮೂರು ವಾರ ಕಾಯಬೇಕಾದಾಗ, ಮನೆಯಲ್ಲಿ ಕಕ್ಕಸು ಉಕ್ಕಿದಾಗ, ಯಜಮಾನ ಫೋನ್ ಮಾಡುವುದು ಹಳೆಯ ನಂಬರಿಗೇ. ಆ ದಿನ ಏಣಿ ಮತ್ತೆ ಹೊರಗೆ ಬರುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಸೀಮೆ ಬಡವಾಗಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಆದರೆ ಪಂಪು, ವಿಂಚು, ತಂತಿಹಗ್ಗ ರಿಪೇರಿ ಮಾಡಿದ ಕೈಗಳು ಮನೆಮನೆಯಲ್ಲಿವೆ. 1964ರಲ್ಲಿ ಶುರುವಾದ ಬೆಮೆಲ್ ಕಂಪನಿ ಕೆಜಿಎಫ್‌ನಲ್ಲಿ ಬುಲ್‌ಡೋಜರ್, ಎಕ್ಸ್‌ಕವೇಟರ್ ಮಾಡುತ್ತದೆ. ಅಲ್ಲಿಂದ ನಿವೃತ್ತರಾದ ಫಿಟ್ಟರುಗಳು, ವೆಲ್ಡರುಗಳು ಈ ಸಭೆಯಲ್ಲೂ ಇದ್ದಾರೆ. ದೇಶದ ಗುಂಡಿ ರೋಬಾಟ್‌ಗಳನ್ನು ರಿಪೇರಿ ಮಾಡುವ, ಬದಲಿಸುವ, ಇಲ್ಲಿನ ಕಿರಿದಾದ ಬೀದಿಗೆ ಒಗ್ಗಿಸುವ ಕಾರ್ಯಾಗಾರಕ್ಕೆ ಕೆಜಿಎಫ್‌ಗಿಂತ ಯೋಗ್ಯವಾದ ಊರು ನನಗೆ ಹೊಳೆಯುವುದಿಲ್ಲ.

ದತ್ತಿ ಇಟ್ಟ ಕುಟುಂಬದ ಹಿರಿಯರ ಮುಂದೆ ಒಂದು ಬೇಡಿಕೆ ಇಟ್ಟು ನಿಲ್ಲಿಸುತ್ತೇನೆ. ಈ ದತ್ತಿಯ ಮುಂದಿನ ವರ್ಷದ ಹಣವನ್ನು ಉಪನ್ಯಾಸಕ್ಕೆ ಬದಲು ಒಂದು ಅಧ್ಯಯನಕ್ಕೆ ಕೊಡಿ. ಬೇತಮಂಗಲ, ಬಂಗಾರಪೇಟೆ, ಕೆಜಿಎಫ್ ಮೂರೂ ಕಡೆ ಪಿಟ್‌ಗಳ ಬಾಯಿಯ ಅಳತೆ, ಆಳ, ಬೀದಿಯ ಅಗಲ, ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಗುಂಡಿ ಖಾಲಿ ಮಾಡುವವರು ಅಧ್ಯಯನದ ವಸ್ತುಗಳಾಗಿ ಅಲ್ಲ, ಸಂಶೋಧಕರಾಗಿ ಬರಲಿ. ಕೂತ ಪ್ರತಿ ಗಂಟೆಗೆ ಅವರಿಗೆ ಸಂಭಾವನೆ ಸಿಗಲಿ, ವರದಿಯ ಮೇಲೆ ಅವರು ಒಪ್ಪಿದರೆ ಅವರ ಹೆಸರೂ ಇರಲಿ. ಒಂದು ಖಾಲಿ ಟ್ಯಾಂಕಿನ ಪಕ್ಕದಲ್ಲಿ ರಟ್ಟು ಮತ್ತು ಮರದ ಹಿಡಿಗಳನ್ನಿಟ್ಟು, ಒಳಗೆ ಏನೂ ಇಲ್ಲದಿರುವಾಗಲೇ ನಡೆಸಿ ನೋಡಲಿ. ಆಮೇಲೆ ಯಂತ್ರ ಮಾಡುವವರನ್ನು ಕರೆಯೋಣ. ಕೆಲಸ ಮುಂಗಾರಿಗೆ ಮೊದಲೇ ಶುರುವಾಗಬೇಕು. ಮಳೆ ಹಿಡಿದ ಮೇಲೆ ನೆಲದ ನೀರು ಏರಿ ಪಿಟ್‌ಗಳು ಒಟ್ಟಿಗೇ ತುಂಬುತ್ತವೆ, ಎಲ್ಲ ಮನೆಗಳಿಂದಲೂ ಕರೆ ಬರುತ್ತದೆ, ಆಗ ಗುಂಡಿ ಖಾಲಿ ಮಾಡುವವರಿಗೆ ನಮ್ಮ ಜೊತೆ ಕೂರಲು ಬಿಡುವು ಇರುವುದಿಲ್ಲ.